ಮಾನ್ಯ ಮತದಾರ ಬಂಧುಗಳೇ

ನಮ್ಮ ಕಡೆ ಎಮ್ಮೆಲ್ಲೆಯವರ ಸಮಾಚಾರ ತಿಳಿಯುವುದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆ ಹಿಡಿದು ಹಂಗಲದವರೆಗೆ ಬಂದರೆ ಸಾಕು, ಎಡಬಲದ ಫ್ಲೆಕ್ಸುಗಳೇ ಎಲ್ಲವನ್ನೂ ಹೇಳಿಬಿಡುತ್ತವೆ. ಅವರ ಹುಟ್ಟುಹಬ್ಬ ಯಾವತ್ತು, ಅವರಿಗೆ ಶುಭ ಕೋರುವ ಯುವ ಮುಖಂಡರು ಎಷ್ಟು ಜನ, ಆ ಯುವ ಮುಖಂಡರಲ್ಲಿ ತಲೆ ನರೆತವರು ಎಷ್ಟು, ಕಳೆದ ವರ್ಷ ಬಲಗಡೆ ಇದ್ದವರ ಫೋಟೋ ಈ ವರ್ಷ ಯಾಕೆ ಕೆಳಗಿನ ಮೂಲೆಗೆ ಇಳಿಯಿತು, ಎಲ್ಲ ಅಲ್ಲೇ ಇರುತ್ತದೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಫ್ಲೆಕ್ಸ್ ಕೂಡ ನಿಷೇಧವಾಯಿತು. ನಿಷೇಧವಾದ ವಸ್ತುವಿನ ಮೇಲೆ ನಿಂತು, ಕಾನೂನು ಮಾಡುವವರು ಅಷ್ಟು ಪ್ರಸನ್ನವಾಗಿ ಕೈಮುಗಿಯುವುದನ್ನು ಕಂಡಾಗಲೆಲ್ಲ ನನಗೆ ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಉಕ್ಕುತ್ತದೆ.

ಫ್ಲೆಕ್ಸು ದಿನನಿತ್ಯದ ವಾರ್ತೆಯಾದರೆ, ವಾರ್ಷಿಕ ವರದಿ ಬೇರೆಯೇ ಇದೆ. ಅದು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಜಾರಿ ಕೆಳಗೆ ಬೀಳುತ್ತದೆ. ನುಣುಪು ಕಾಗದ, ಬಣ್ಣದ ಮುಖಪುಟ, ಹಿನ್ನೆಲೆಯಲ್ಲಿ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮುನ್ನೆಲೆಯಲ್ಲಿ ಬೆಟ್ಟಕ್ಕಿಂತ ದೊಡ್ಡದಾಗಿ ಶಾಸಕರು. ಒಳಗೆ ‘ಮಾನ್ಯ ಮತದಾರ ಬಂಧುಗಳೇ’ ಎಂದು ಶುರು. ಯಾವ ಪಕ್ಷ, ಯಾವ ಅವಧಿ ಎಂದು ಮಾತ್ರ ಕೇಳಬೇಡಿ. ನಾನು ಕಂಡ ಇಂಥ ಪುಸ್ತಿಕೆಗಳಲ್ಲಿ ಮುಖ ಬದಲಾಗಿದೆ, ಬಾವುಟದ ಬಣ್ಣ ಬದಲಾಗಿದೆ, ಒಳಗಿನ ವಾಕ್ಯ ಒಂದೂ ಬದಲಾಗಿಲ್ಲ.

ಬೆಟ್ಟದ ಬುಡದ ನಮ್ಮ ಹಳ್ಳಿಯಲ್ಲಿ ಅದನ್ನು ಓದಿ ಹೇಳುವ ಕೆಲಸ ನನ್ನದು, ಕೇಳುವ ಕೆಲಸ ದೊಡ್ಡಪ್ಪನದು. ದೊಡ್ಡಪ್ಪನಿಗೆ ಕಣ್ಣು ಮಂದವಾಗಿದೆ, ಕಿವಿ ವಿಪರೀತ ಚುರುಕು.

“ಯಾನ ಬರ್ದವ್ರ, ಓದು ಮಗಾ.”

“ತಪ್ಪಲಿನ ಗ್ರಾಮಗಳಿಗೆ ಶಾಶ್ವತ ಕುಡಿಯುವ ನೀರಿನ ಯೋಜನೆಗೆ ಪ್ರಸ್ತಾವನೆ ಸಲ್ಲಿಸಲಾಗಿದೆ.”

“ಸಲ್ಲಿಸ್ಲಿ. ನೀರು?”

“ಅದು ಮುಂದಿನ ಪುಟದಲ್ಲಿರಬಹುದು ದೊಡ್ಡಪ್ಪ.”

ಮುಂದಿನ ಪುಟದಲ್ಲಿ ನೀರಿರಲಿಲ್ಲ, ಗುದ್ದಲಿ ಪೂಜೆಯ ಫೋಟೋ ಇತ್ತು. ಹೊಚ್ಚ ಹೊಸ ಗುದ್ದಲಿ, ಕಾವಿಗೆ ಅರಿಶಿನ ಕುಂಕುಮ, ಅದನ್ನು ಹಿಡಿಯಲು ಏಳೆಂಟು ಕೈಗಳು, ಎಲ್ಲರ ಕಣ್ಣೂ ಕ್ಯಾಮೆರಾ ಕಡೆಗೆ. ಅರಿಶಿನ, ಬಾಳೆ, ಸಣ್ಣ ಈರುಳ್ಳಿ ಬೆಳೆಯುವ ನಮ್ಮ ತಾಲ್ಲೂಕಿನಲ್ಲಿ ಗುದ್ದಲಿ ಕಾಣದ ಮನೆ ಇಲ್ಲ. ಆದರೆ ಇಷ್ಟು ಜನ ಹಿಡಿದು ಇಷ್ಟು ಕಡಿಮೆ ಮಣ್ಣು ಅಗೆಯುವ ಗುದ್ದಲಿ ಅದೊಂದೇ. ಅದರ ಮುಂದಿನ ಪುಟದಲ್ಲಿ ಬಸ್ ತಂಗುದಾಣ. ಅದರ ಹಣೆಯ ಮೇಲೆ ಶಾಸಕರ ಹೆಸರು ಮೊಳದುದ್ದ, ಊರ ಹೆಸರು ಗೇಣುದ್ದ. ಊಟಿಗೆ ಹೋಗುವ ಪ್ರವಾಸಿಗಳು ಅಲ್ಲಿ ಕಾರು ನಿಲ್ಲಿಸಿ, ಎಮ್ಮೆಲ್ಲೆಯವರ ಹೆಸರನ್ನೇ ಊರ ಹೆಸರೆಂದು ತಿಳಿದು, “ಇಲ್ಲಿಂದ ಬೆಟ್ಟಕ್ಕೆ ಎಷ್ಟು ದೂರ?” ಎಂದು ಕೇಳುತ್ತಾರೆ. ನಾವೂ ತಿದ್ದಲು ಹೋಗುವುದಿಲ್ಲ. ಐದು ವರ್ಷದ ಮಾತು.

ಪುಸ್ತಿಕೆಯಲ್ಲಿ ದೊಡ್ಡಪ್ಪನಿಗೆ ಇಷ್ಟವಾಗುವುದು ಅನುದಾನದ ಪುಟ. ಕರ್ನಾಟಕದ ಪ್ರತಿ ಶಾಸಕರಿಗೂ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ. ಕೋಟಿ ಎಂದ ಕೂಡಲೇ ದೊಡ್ಡಪ್ಪ ಎದ್ದು ಕೂರುತ್ತಾರೆ. ಗುಂಡ್ಲುಪೇಟೆ ಕ್ಷೇತ್ರದಲ್ಲಿ ಮತದಾರರೇ ಎರಡು ಲಕ್ಷದ ಮೇಲೆ. ಭಾಗಿಸಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಪೂರ್ತಿ ಬರುವುದಿಲ್ಲ. ಲೆಕ್ಕ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, “ನನ್ ನೂರು ನನ್ ಕೈಗೇ ಕೊಟ್ಬುಡಾಕ ಹೇಳು, ರಸ್ತ ಬ್ಯಾಡ” ಎಂದರು. ನೂರು ರೂಪಾಯಿಯ ರಸ್ತೆ ಎಷ್ಟುದ್ದ ಇದ್ದೀತು ಎಂದು ಅವರಿಗೂ ಅಂದಾಜಿತ್ತು. ಉಳಿದ ದೊಡ್ಡ ಮೊತ್ತಗಳೆಲ್ಲ ಬೇರೆ ಬೇರೆ ಇಲಾಖೆಗಳಿಂದ ಬರಬೇಕು. ಬಂದರೆ ‘ಶಾಸಕರ ವಿಶೇಷ ಪ್ರಯತ್ನದಿಂದ’, ಬಾರದಿದ್ದರೆ ‘ಇಲಾಖೆಯ ವಿಳಂಬದಿಂದ’.

ಪಾಪ, ಅವರ ಕಷ್ಟವೂ ದೊಡ್ಡದೇ. ನಮ್ಮ ಬೆಟ್ಟವನ್ನೇ ನೋಡಿ. ಎತ್ತರ 1,450 ಮೀಟರಿನಷ್ಟು, ಸುತ್ತ ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶ. ಹೊಯ್ಸಳರ ಕಾಲದಲ್ಲಿ, 1315ರ ಸುಮಾರಿಗೆ ಕಟ್ಟಿದ ವೇಣುಗೋಪಾಲನ ಗುಡಿ. ಗರ್ಭಗುಡಿಯ ಬಾಗಿಲ ಮೇಲಿಂದ ವರ್ಷವಿಡೀ ತಣ್ಣನೆಯ ಹನಿ ತೊಟ್ಟಿಕ್ಕುತ್ತದೆ. ಬೇರೆ ಎಲ್ಲಾದರೂ ಸರ್ಕಾರಿ ಕಟ್ಟಡ ಹೀಗೆ ಸೋರಿದರೆ ಗುತ್ತಿಗೆದಾರನ ಮೇಲೆ ತನಿಖೆ ಆಗುತ್ತಿತ್ತು, ಇಲ್ಲಿ ತೀರ್ಥವೆಂದು ತಲೆ ಒಡ್ಡುತ್ತೇವೆ. ಈಗ ಇದರ ಮೇಲೆ ಅಧಿಕಾರ ಯಾರದು? ಕಾಡು ಅರಣ್ಯ ಇಲಾಖೆಯದು, ಗುಡಿ ಮುಜರಾಯಿಯದು, ಮೇಲೆ ಹೋಗುವ ಬಸ್ಸು ಕೆಎಸ್ಸಾರ್ಟಿಸಿಯದು. ಖಾಸಗಿ ವಾಹನಗಳೆಲ್ಲ ಬುಡದಲ್ಲೇ ನಿಲ್ಲಬೇಕು. ಬಂಡೀಪುರ ದಾಟುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್, ಆ ವಿಚಾರ ನ್ಯಾಯಾಲಯದ್ದು. ಮಂಜಂತೂ ಯಾರ ಮಾತನ್ನೂ ಕೇಳುವುದಿಲ್ಲ. ಇಷ್ಟೆಲ್ಲ ಕಳೆದು ಶಾಸಕರ ಪಾಲಿಗೆ ಉಳಿಯುವುದು ಪುಸ್ತಿಕೆಯ ಮುಖಪುಟದ ಚಿತ್ರ. ಅದನ್ನು ಅವರು ಬಳಸಿಕೊಂಡರೆ ತಪ್ಪೇನು?

ಇನ್ನು ಆನೆಗಳು. ಮತದಾರರ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ, ಆದರೂ ಈ ಕ್ಷೇತ್ರದ ಶಾಸಕರಾದವರ ಅರ್ಧ ಆಯುಸ್ಸು ಅವುಗಳ ಅಹವಾಲಿನಲ್ಲೇ ಕಳೆಯುತ್ತದೆ. ಆನೆ ಕಂದಕ ತೋಡಿಸಬೇಕು, ಸೋಲಾರ್ ಬೇಲಿ ಹಾಕಿಸಬೇಕು, ರೈಲ್ವೆ ಕಂಬಿಯ ತಡೆಗೋಡೆ ಕೇಳಬೇಕು, ಬಾಳೆ ತೋಟ ಹಾಳಾದರೆ ಪರಿಹಾರಕ್ಕೆ ಪತ್ರ ಬರೆಯಬೇಕು. ಇಷ್ಟು ಸೇವೆ ಪಡೆದೂ ಆನೆ ಒಂದು ಹಾರ ಹಾಕಿದ್ದಿಲ್ಲ, ಒಂದು ಫ್ಲೆಕ್ಸು ಕಟ್ಟಿದ್ದಿಲ್ಲ. ಬೆಟ್ಟದ ಗುಡಿಯ ಮುಂದಕ್ಕೇ ಕಾಡಾನೆ ಬಂದು ನಿಂತದ್ದನ್ನು ಎಷ್ಟೋ ಜನ ಮೊಬೈಲಿನಲ್ಲಿ ಹಿಡಿದಿದ್ದಾರೆ. ಶ್ರಾವಣ ಶನಿವಾರಗಳಲ್ಲಿ ನಾವು ಗಂಟೆಗಟ್ಟಲೆ ಸಾಲು ನಿಲ್ಲುವ ಜಾಗಕ್ಕೆ ಅದು ನೇರವಾಗಿ ಬರುತ್ತದೆ, ಎಲ್ಲರೂ ದಾರಿ ಬಿಡುತ್ತಾರೆ, ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ವಿಐಪಿ ದರ್ಶನವನ್ನು ನಿಜವಾದ ಘನತೆಯಿಂದ ಮಾಡುವುದು ಅದೊಂದೇ ಎಂದು ನನ್ನ ಅನಿಸಿಕೆ. ಹಿಂದೆ ಮುಂದೆ ಬೆಂಗಾವಲು ಇಲ್ಲ, ಬಂದು ಹೋದದ್ದಕ್ಕೆ ಪತ್ರಿಕಾ ಹೇಳಿಕೆಯೂ ಇಲ್ಲ.

ಬೆಟ್ಟದಲ್ಲಿ ಹಂಸತೀರ್ಥ ಎಂದೊಂದು ಕೊಳವಿದೆ. ಅದರಲ್ಲಿ ಮಿಂದ ಕಾಗೆಗಳು ಹಂಸಗಳಾದವು, ಅಂದಿನಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲ ಎಂಬುದು ಐತಿಹ್ಯ. ಹೊರಗಿನವರು ಇದನ್ನು ಕೇಳಿ ಆಶ್ಚರ್ಯಪಡುತ್ತಾರೆ. ಕರ್ನಾಟಕದ ರಾಜಕೀಯ ಬಲ್ಲ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ನಿನ್ನೆಯವರೆಗೆ ಕಪ್ಪೆಂದು ಬೈಸಿಕೊಂಡವರು ಬೆಳಗಾಗುವಷ್ಟರಲ್ಲಿ ಇನ್ನೊಂದು ಪಕ್ಷದ ಕೊಳದಲ್ಲಿ ಮುಳುಗಿ ಬೆಳ್ಳಗೆ ಎದ್ದದ್ದನ್ನು ರಾಜ್ಯದ ಉದ್ದಗಲಕ್ಕೂ ನೋಡಿದ್ದೇವೆ. ಬೆಟ್ಟದ ತೀರ್ಥವೊಂದೇ ಸಾಲದೆಂದು ಗೋಪಾಲಸ್ವಾಮಿ ಬೆಂಗಳೂರಿನಲ್ಲೂ ಒಂದು ತೀರ್ಥ ತೆರೆದಿರಬೇಕು.

ನಮ್ಮ ಜಿಲ್ಲೆಗೆ ದೊಡ್ಡವರು ಬರುವುದೇ ಅಪರೂಪವಾಗಿದ್ದ ಕಾಲವೂ ಇತ್ತು. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, 1997ರಲ್ಲಿ ಜೆ.ಎಚ್. ಪಟೇಲರು ಜಿಲ್ಲೆಯ ಉದ್ಘಾಟನೆಯನ್ನೇ ಮಹದೇಶ್ವರ ಬೆಟ್ಟದಲ್ಲಿ ನಡೆಸಿದರು. ಮಗುವಿನ ನಾಮಕರಣ ಪಕ್ಕದ ಬೀದಿಯಲ್ಲಾದಂತಾಯಿತು. ಆಮೇಲೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದರು, 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಕುರ್ಚಿಯಲ್ಲೂ ಕೂತರು. 2025ರ ಏಪ್ರಿಲ್‌ನಲ್ಲಿ ಮಹದೇಶ್ವರ ಬೆಟ್ಟದಲ್ಲಿ ಸಚಿವ ಸಂಪುಟವೇ ಸೇರಿತು. ಅಪವಾದ ಕಳೆಯಿತು. ನಮ್ಮ ದೊಡ್ಡಪ್ಪನಿಗೆ ಮಾತ್ರ ಅದರ ಬಗ್ಗೆ ಸ್ವಲ್ಪ ಬೇಸರ. “ನಮ್ ಜಿಲ್ಲಾಗ ಅಂತಾ ಇದ್ದ ಪವರ್ ಅದೊಂದೇ ಕನಾ” ಎನ್ನುತ್ತಾರೆ.

ಆದರೆ ಗುಂಡ್ಲುಪೇಟೆಯವರು ದೊಡ್ಡವರನ್ನು ಕಣ್ತುಂಬ ನೋಡಿದ್ದು 2017ರ ಏಪ್ರಿಲ್ ಉಪಚುನಾವಣೆಯಲ್ಲಿ. 1994ರಿಂದ 2013ರವರೆಗೆ ಒಂದರ ಮೇಲೊಂದು ಐದು ಚುನಾವಣೆ ಗೆದ್ದಿದ್ದ ಎಚ್.ಎಸ್. ಮಹದೇವಪ್ರಸಾದ್ ಆ ವರ್ಷದ ಜನವರಿಯಲ್ಲಿ ಮಂತ್ರಿಯಾಗಿದ್ದಾಗಲೇ ತೀರಿಕೊಂಡಿದ್ದರು. ಎರಡು ದೊಡ್ಡ ಪಕ್ಷಗಳ ನಾಯಕರೂ ತಾಲ್ಲೂಕಿಗೆ ಬಂದು ಬೀಡುಬಿಟ್ಟರು. ನಮ್ಮ ಕಾಡಂಚಿನ ಹಳ್ಳಿಗಳಲ್ಲಿ ಆನೆಗಿಂತ ಹೆಚ್ಚು ಮಂತ್ರಿಗಳು ಕಾಣಿಸಿದರು. ಯಾವ ಟೀ ಅಂಗಡಿಗೆ ಹೋದರೂ ಒಬ್ಬರು ಮಾಜಿ, ಒಬ್ಬರು ಹಾಲಿ. ನಮ್ಮ ಕುಂದುಕೊರತೆಗಳನ್ನು ಅಷ್ಟು ಶ್ರದ್ಧೆಯಿಂದ ಅಷ್ಟು ಜನ ಕೇಳಿಸಿಕೊಂಡದ್ದು ಅದೇ ಮೊದಲು. ಮತ ಎಣಿಕೆ ಮುಗಿದ ಮೇಲೆ ಊರು ಎಷ್ಟು ಬಿಕೋ ಎಂದಿತೆಂದರೆ, ಆನೆ ಕಂಡರೂ ಸಂತೋಷವಾಗುತ್ತಿತ್ತು.

ಹಾಗೆಂದು ನಮ್ಮ ನೆಲಕ್ಕೆ ಬರಿಯ ಪುಸ್ತಿಕೆಯ ಪರಂಪರೆ ಇದೆ ಎಂದು ತಿಳಿಯಬಾರದು. ಇಲ್ಲಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. ರಾಜ್ಯದಲ್ಲಿ ಆ ಪೀಠ ಏರಿದ ಮೊದಲ ಮಹಿಳೆ. ಇನ್ನೂರಕ್ಕೂ ಮೀರಿದ ಶಾಸಕರನ್ನು “ಕೂತ್ಕೊಳ್ಳಿ” ಎಂದು ಕೂರಿಸಿದವರು ನಮ್ಮ ಕ್ಷೇತ್ರದವರು ಎಂಬುದು ನಮ್ಮ ಹೆಂಗಸರಿಗೆ ಈಗಲೂ ಹೆಮ್ಮೆ. ಮನೆಗಳಲ್ಲಿ ಅದನ್ನು ಅವರು ಪಾಲಿಸಿಕೊಂಡೂ ಬಂದಿದ್ದಾರೆ.

ಇನ್ನೊಬ್ಬರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರೇ. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು, ಕೈಪಂಪು ಹಾಕಿಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಚುನಾವಣೆ ನಡೆದು ಅಧಿಕಾರ ಹಳ್ಳಿಗೆ ಇಳಿದದ್ದರ ಹಿಂದೆಯೂ ಅವರೇ ಇದ್ದರು. 1988ರಲ್ಲಿ ತೀರಿಕೊಂಡರು. ದೊಡ್ಡಪ್ಪನ ಪ್ರಕಾರ ಅವರ ಸಾಧನೆಯ ವರದಿ ಕಬ್ಬಿಣದ್ದು. ಹಿಡಿ ಒತ್ತಿದರೆ ನೀರು ಬರುತ್ತಿತ್ತು, ಬಂತೋ ಇಲ್ಲವೋ ಎಂದು ತಿಳಿಯಲು ಓದು ಬರಹ ಬೇಕಾಗಿರಲಿಲ್ಲ.

ಈಗಿನ ಶಾಸಕರಿಗೆ ಅಷ್ಟು ಬಿಡುವಿಲ್ಲ. ಅವರ ಬಿಡುವೆಲ್ಲ ನಾವೇ ತಿಂದುಹಾಕಿದ್ದೇವೆ. ಮದುವೆಗೆ ಬರಬೇಕು, ಗೃಹಪ್ರವೇಶಕ್ಕೆ ಬರಬೇಕು, ತಿಥಿಗೆ ಬರದಿದ್ದರೆ ಸತ್ತವರಿಗೇ ಅವಮಾನ. ಬಂದರೆ ಛತ್ರದಲ್ಲಿ ಧಾರೆಯೂ ಅರ್ಧಕ್ಕೆ ನಿಂತು, ಪುರೋಹಿತರು ಮಂತ್ರವನ್ನು ಬಾಯಲ್ಲೇ ಹಿಡಿದು, ವರನೂ ವಧುವೂ ಎಮ್ಮೆಲ್ಲೆಯವರ ಎಡಬಲಕ್ಕೆ ಸರಿದು ಫೋಟೋ ಆಗುತ್ತದೆ. ಕ್ರೇನಿನಲ್ಲಿ ಸೇಬಿನ ಹಾರ ಇಳಿಯುವ ಕಾಲ ಬಂದಿದೆ. ತಾಲ್ಲೂಕು ತುಂಬ ಚೆಂಡು ಹೂವು ಬೆಳೆದು ಬೆಲೆಗೆ ಬಾಯಿ ಬಿಡುವ ನಾವು, ಸನ್ಮಾನಕ್ಕೆ ಹಿಮಾಚಲದ ಸೇಬು ತರಿಸುತ್ತೇವೆ. ಇಷ್ಟು ಕಾರ್ಯಕ್ರಮ ಮುಗಿಸಿ, ಕೆಡಿಪಿ ಸಭೆಯಲ್ಲಿ ಅಧಿಕಾರಿಗಳು ಓದುವ ಶೇಕಡಾವಾರು ಪ್ರಗತಿಯನ್ನು ಆಕಳಿಕೆ ತಡೆದು ಕೇಳಿ, ರಾತ್ರಿ ಮನೆ ಸೇರುವ ಮನುಷ್ಯ ಬೆಟ್ಟದ ಬುಡದ ನೀರಿನ ಚಿಂತೆ ಯಾವಾಗ ಮಾಡಬೇಕು?

ಅದಕ್ಕೇ ನನ್ನದೊಂದು ಸಲಹೆ. ನಮ್ಮ ರಾಜ್ಯದಲ್ಲಿ ಸಕಾಲ ಎಂಬ ಕಾಯ್ದೆ ಇದೆ, 2011ರದ್ದು. ಜಾತಿ ಪ್ರಮಾಣಪತ್ರವೋ ಪಿಂಚಣಿಯೋ ಇಂತಿಷ್ಟು ದಿನದಲ್ಲಿ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಕೊಡಬೇಕು. ಇದನ್ನು ವಿಧಾನಸಭೆಯಲ್ಲಿ ಕೈಯೆತ್ತಿ ಪಾಸು ಮಾಡಿದವರು ಶಾಸಕರೇ. ಗುದ್ದಲಿ ಪೂಜೆಗೂ ಇದನ್ನು ವಿಸ್ತರಿಸಿದರೆ ಹೇಗೆ? ಪೂಜೆಯಾದ ದಿನವೇ ಕಲ್ಲಿನ ಮೇಲೆ ಮುಗಿಯುವ ದಿನವನ್ನೂ ಕೆತ್ತಿಸುವುದು, ಮೀರಿದರೆ ದಿನಕ್ಕೆ 20 ರೂಪಾಯಿ ಊರಿನ ಖಾತೆಗೆ. ನಮ್ಮ ಊರಿಗಂತೂ ಅನುದಾನಕ್ಕಿಂತ ಈ ದಂಡವೇ ಹೆಚ್ಚು ಲಾಭದಾಯಕವಾದೀತು ಎಂದು ದೊಡ್ಡಪ್ಪ ಲೆಕ್ಕ ಹಾಕಿದ್ದಾರೆ. 500ರ ಮಿತಿಯನ್ನು ಮಾತ್ರ ತೆಗೆಯಬೇಕಂತೆ.

ವರದಿಯೂ ಒಂದು ಪುಟ ಸಾಕು, ನುಣುಪು ಕಾಗದ ಬೇಡ. ಮೂರು ಕಲಂ: ಜನ ಏನು ಕೇಳಿದರು, ಏನಾಯಿತು, ಆಗದಿದ್ದರೆ ಯಾಕೆ ಆಗಲಿಲ್ಲ. ಕೊನೆಯ ಕಲಂ ಪ್ರಾಮಾಣಿಕವಾಗಿ ತುಂಬಿದ ಶಾಸಕರನ್ನು ಈ ತಪ್ಪಲಿನ ಜನ ಸೋಲಿಸುವುದಿಲ್ಲ ಎಂದು ನನಗೆ ನಂಬಿಕೆ. ಆನೆ ನುಗ್ಗಿದರೂ ಮರುವರ್ಷ ಅದೇ ಹೊಲದಲ್ಲಿ ಬಾಳೆ ಇಡುವವರು ನಾವು. ‘ಆಗಲಿಲ್ಲ’ ಎಂದರೆ ಅರ್ಥವಾಗುತ್ತದೆ, ‘ಪ್ರಗತಿಯಲ್ಲಿದೆ’ ಎಂದರೆ ಸಿಟ್ಟು ಬರುತ್ತದೆ.

ಅವರು ಇದನ್ನು ತಾವಾಗಿ ಮಾಡುತ್ತಾರೆ ಎಂಬ ಭ್ರಮೆ ನನಗಿಲ್ಲ. ಆದ್ದರಿಂದ ಮಾನ್ಯ ಮತದಾರ ಬಂಧುಗಳೇ, ಮುಂದಿನ ಸಲ ಎಮ್ಮೆಲ್ಲೆಯವರು ನಿಮ್ಮೂರಿಗೆ ಬಂದಾಗ ನಿಮ್ಮ ಹೊಲದ ಚೆಂಡು ಹೂವಿನದೇ ಒಂದು ಹಾರ ಹಾಕಿ. ಸೇಬಿನ ದುಡ್ಡು ಉಳಿಯಿತಲ್ಲ, ಅದರಲ್ಲಿ ಒಂದು ನೋಟ್‌ಬುಕ್ ಕೊಳ್ಳಿ. ಅವರು ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಅವರ ಕೈಯಲ್ಲೇ ಒಂದು ಸಹಿಯನ್ನೂ ಹಾಕಿಸಿ. ಆಟೋಗ್ರಾಫ್ ಎಂದರೆ ಯಾವ ಶಾಸಕರೂ ಇಲ್ಲವೆನ್ನುವುದಿಲ್ಲ.