ಸಂಭಾವನಾಭಿಪ್ರಾಯ ಮೀಮಾಂಸೆ

ಸಾಬೂನಿನ ವಿಷಯದಲ್ಲಿ ಮನುಷ್ಯನಿಗೆ ಅಭಿಪ್ರಾಯ ಹುಟ್ಟಿನಿಂದ ಬರುತ್ತದೋ, ಸಂಭಾವನೆಯಿಂದ ಬರುತ್ತದೋ ಎಂಬ ವಿವಾದ ಪಂಡಿತರಲ್ಲಿ ಇನ್ನೂ ಬಗೆಹರಿದಿಲ್ಲ. ಪ್ರಸ್ತುತ ಗ್ರಂಥಕರ್ತನು ಎರಡನೆಯ ಪಕ್ಷದವನು; ಕವರು ಈಸಿಕೊಂಡವನೆಂದು ಬೇರೆ ಹೇಳಬೇಕಿಲ್ಲ.

ಮೊದಲು ಅಧಿಕಾರಿಯ ಲಕ್ಷಣ. ಕಂಪನಿಗಳ ಫೋಕಸ್ ಗ್ರೂಪ್ ಡಿಸ್ಕಷನ್‌ಗೆ ಜನ ಹುಡುಕುವ ಬಡಾವಣೆಯ ಆಂಟಿಯೊಬ್ಬರು ಫೋನು ಮಾಡುತ್ತಾರೆ. ಮನೆಯಲ್ಲಿ ಯಾರಾದರೂ ಜಾಹೀರಾತು, ಪತ್ರಿಕೆ, ಮಾರುಕಟ್ಟೆ ಸಮೀಕ್ಷೆ ಅಂತ ಕೆಲಸದಲ್ಲಿದ್ದಾರಾ? ಆರು ತಿಂಗಳಿಂದೀಚೆಗೆ ಇಂಥ ಡಿಸ್ಕಷನ್‌ಗೆ ಹೋಗಿದ್ದಿರಾ? ಬಲ್ಲವನಿಗೆ ಪ್ರವೇಶವಿಲ್ಲ ಎನ್ನುವ ಶಾಸ್ತ್ರ ಲೋಕದಲ್ಲಿ ಬಹುಶಃ ಇದೊಂದೇ. ‘ಇಲ್ಲ’ ಎಂಬುದೇ ಬೀಜಾಕ್ಷರ. ಅದನ್ನು ಪದೇ ಪದೇ ಜಪಿಸಿ ಸಿದ್ಧಿ ಪಡೆದ ಗೃಹಿಣಿಯರುಂಟು.

ಬಳಿಕ ವರ್ಗನಿರ್ಣಯ. 2011ರ ಪದ್ಧತಿಯಂತೆ, ಮನೆಯ ಮುಖ್ಯ ದುಡಿಮೆಗಾರರ ಓದನ್ನೂ 11 ವಸ್ತುಗಳ ಪಟ್ಟಿಯಲ್ಲಿ ಎಷ್ಟು ಮನೆಯಲ್ಲಿವೆ ಎಂಬುದನ್ನೂ ನೋಡಿ ಎ1ರಿಂದ ಇ3ರವರೆಗೆ 12 ದರ್ಜೆಗಳಲ್ಲಿ ಒಂದನ್ನು ದಯಪಾಲಿಸುತ್ತಾರೆ. ಫ್ಯಾನು, ಫ್ರಿಜ್ಜು, ಕಾರಿನ ಜತೆ ಜಮೀನೂ ಪಟ್ಟಿಯಲ್ಲಿದೆ. ಊರಿನಲ್ಲಿ ದಾಯಾದಿಗಳು ಉಳುತ್ತಿರುವ ಗದ್ದೆಯು ಬೆಂಗಳೂರಿನಲ್ಲಿ ಶಾಂಪೂ ಕುರಿತು ಮಾತಾಡುವ ಯೋಗ್ಯತೆಯನ್ನು ಹೆಚ್ಚಿಸುವುದು ಹೀಗೆ.

ಇನ್ನು ಗೋಷ್ಠಿ. ಮೂಲಪುರುಷ ರಾಬರ್ಟ್ ಮರ್ಟನ್ 1941ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊ ಕೇಳುಗರ ಮೆಚ್ಚುಗೆಗೆ ಕಾರಣ ಹುಡುಕುತ್ತ ಈ ದಾರಿ ಹಿಡಿದರು. ಸಮೋಸ ನಮ್ಮವರ ಕೊಡುಗೆ. ಪಕ್ಕದ ಕೋಣೆಯಲ್ಲಿ ಕಂಪನಿಯವರು ಟೀವಿಯಲ್ಲಿ ನಮ್ಮನ್ನು ನೋಡುತ್ತಿರುತ್ತಾರೆ. “ಇಲ್ಲಿ ಸರಿ, ತಪ್ಪು ಅಂತ ಏನೂ ಇಲ್ಲ” ಎಂದು ಅಭಯವಿತ್ತ ಹುಡುಗಿ ರ‍್ಯಾಪರ್ ಇಲ್ಲದ ಸಾಬೂನನ್ನು ಮುಂದಿಡುತ್ತಾಳೆ.

“ಇದು ಮನುಷ್ಯ ಆಗಿದ್ರೆ ಯಾರಾಗಿರ್ತಿತ್ತು, ಮೇಡಂ?”

“ನಮ್ಮ ದೊಡ್ಡ ನಾದಿನಿ.”

“ಯಾಕೆ?”

“ಘಮಘಮ ಜೋರು, ನೊರೆ ಕಮ್ಮಿ.”

ಉಳಿದವರು “ಅವರು ಹೇಳಿದ್ದೇ” ಎಂದು ಸಮೋಸದ ಕಡೆ ತಿರುಗುತ್ತಾರೆ. ಪಕ್ಕದ ಕೋಣೆಯಲ್ಲಿ ‘ಕೌಟುಂಬಿಕ ಆಪ್ತತೆ ಇದೆ’ ಎಂದು ದಾಖಲಾಗುತ್ತದೆ.

ಇದರಿಂದ ಸತ್ಯ ತಿಳಿದೀತೇ ಎಂಬುದು ಪೂರ್ವಪಕ್ಷ. ಕೋಕಾ ಕೋಲಾದವರು ಸುಮಾರು 2 ಲಕ್ಷ ಮಂದಿಗೆ ರುಚಿ ತೋರಿಸಿ, ಭೇಷ್ ಅನ್ನಿಸಿಕೊಂಡು, ಏಪ್ರಿಲ್ 1985ರಲ್ಲಿ ಹೊಸ ಕೋಕ್ ಬಿಟ್ಟರು. ಜನ ರೊಚ್ಚಿಗೆದ್ದರು, ಜುಲೈನಲ್ಲೇ ಹಳೆಯದು ಮರಳಿತು. ರುಚಿ ನೋಡಿದವರದು ತಪ್ಪಿಲ್ಲ. ಕೊಟ್ಟದ್ದನ್ನು ಕುಡಿದು, ಕೇಳಿದ್ದಕ್ಕೆ ಉತ್ತರ ಹೇಳಿದರು.

ಕಡೆಗೆ ಫಲಶ್ರುತಿ. ಎರಡು ಗಂಟೆ ಕೂತವರಿಗೆ ಕವರು, ಇಲ್ಲವೇ ತಾವು ಜರೆದ ಸಾಬೂನನ್ನೇ ಕೊಳ್ಳಬಹುದಾದ ಗಿಫ್ಟ್ ವೋಚರು. ಎಂಟು ಜನ ಸಾಕಾದಲ್ಲಿ ಹತ್ತು ಜನರನ್ನು ಕರೆಯುವ ರೂಢಿಯುಂಟು. ಮಿಕ್ಕ ಇಬ್ಬರು ಬಾಯಿ ಬಿಡದೆಯೇ ಕವರು ಪಡೆದು ಬಸ್ಸು ಹತ್ತುತ್ತಾರೆ. ಈ ಶಾಸ್ತ್ರದಲ್ಲಿ ಮೋಕ್ಷವೆಂದರೆ ಅದೇ.