ಗೇರು ತಾನೇ ಬೀಳುವ ಗಾಡಿ

ಸಾವಳಗಿ ಸುತ್ತಿನಲ್ಲಿ ಗೇರಿನ ಮಾತು ಬಂದಾಗ ಬಾಯಿ ಮುಚ್ಚಿಕೊಂಡು ಕೂಡುವ ಗಂಡಸು ಸಿಗುವುದು ಕಷ್ಟ. ಇಲೆಕ್ಷನ್ ವಿಷಯಕ್ಕೆ ಆಚೆ ಈಚೆ ನೋಡಿ ಮಾತಾಡುವವರೂ ಗೇರಿನ ವಿಷಯಕ್ಕೆ ಖಡಾಖಂಡಿತ. ಇದಕ್ಕೆಲ್ಲ ಕಾರಣ ಕಬ್ಬು. ದೀಪಾವಳಿ ಮುಗಿದು ಕಾರ್ಖಾನೆಗಳ ಹಂಗಾಮು ಸುರುವಾಯಿತೆಂದರೆ ಎರಡೆರಡು ಟ್ರೇಲರ್ ಜಗ್ಗಿಕೊಂಡು ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಸಾಲು ಹಿಡಿಯುತ್ತವೆ. ಏರು ಬಂದಲ್ಲಿ ಮುಂದಿನ ಗಾಲಿ ನೆಲ ಬಿಡಲು ನೋಡುತ್ತವೆ. ಡ್ರೈವರ ಹಾಡಿನ ದನಿ ತಗ್ಗಿಸದೆಯೇ ಗೇರು ಇಳಿಸುತ್ತಾನೆ. ಕಟ್ಟೆಯ ಮೇಲೆ ಕೂತ ಹಿರಿಯರು ಗಾಡಿ ಕಣ್ಣಿಗೆ ಬೀಳುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ: "ಸೆಕೆಂಡಿಗೆ ಬಿದ್ದ ನೋಡು. ಏರು ಹತ್ತೂಕಿಂತ ಮದಲ ಹಾಕ್ಬೇಕಿತ್ತು ಮಗ."

ಇಂಥ ಊರಿಗೆ ಕ್ಲಚ್ಚಿನ ಪೆಡಲೇ ಇಲ್ಲದ ಕಾರೊಂದು ಬಂತು, ಅದೂ ನನ್ನ ಮನೆಗೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಹೊಸ ಗಾಡಿ ಕೊಂಡು, ಹಳೆಯದನ್ನು "ಮಾಮಾ, ನಿಮ್ಮ ಎಡಗಾಲ ಮೊಣಕಾಲಿಗೆ ಇದು ಚಲೋ ಆಗತೈತಿ" ಎಂದು ದಾಟಿಸಿದ. 1990ರ ದಶಕದ ಕೊನೆಯ ಮಾದರಿ, ಮೂರೇ ಗೇರು, ಆ ಮೂರೂ ಆಟೋಮ್ಯಾಟಿಕ್. ಕಂಪನಿಯ ಹೆಸರು ಬೇಡ. ಇಷ್ಟು ವರ್ಷ ದುಡಿದ ಗಾಡಿಯ ಮುಪ್ಪಿಗೆ ಕಂಪನಿಯನ್ನು ಬೈಯುವುದು ಸರಿಯಲ್ಲ.

ಗಾಡಿ ನೋಡಲು ಓಣಿಯೇ ಬಂತು. ಮೂರು ಪೆಡಲ್ ಇರಬೇಕಾದಲ್ಲಿ ಎರಡೇ ಕಂಡು ಒಬ್ಬರು ಬಗ್ಗಿ ಸೀಟಿನ ಕೆಳಗೂ ಹುಡುಕಿದರು. "ಒಂದು ಎಲ್ಲಿ ಬಿತ್ರೀ ಸರ್?" ಎಂದರು. ಬೀಳಲಿಲ್ಲ, ಇದಕ್ಕೆ ಇರುವುದೇ ಎರಡು ಎಂದೆ. ನಂಬಲಿಲ್ಲ. ಬೆಂಗಳೂರಿನವರು ಬಿಚ್ಚಿಕೊಂಡು ಕಳಿಸಿದ್ದಾರೆ ಎಂಬ ಗುಮಾನಿ ಇನ್ನೂ ಕೆಲವರಲ್ಲಿದೆ.

ಮೊದಲ ಚಳಿಗಾಲದಲ್ಲೇ ಬ್ಯಾಟರಿ ಕೂತಿತು. ಬ್ಯಾಟರಿ ಕೂತ ಗಾಡಿಯನ್ನು ದಬ್ಬಿ ಸುರು ಮಾಡುವುದು ನಮ್ಮ ಕಡೆ ಹಬ್ಬವಿದ್ದ ಹಾಗೆ, ಯಾರನ್ನೂ ಕರೆಯಬೇಕಾಗಿಲ್ಲ. ಬೇಡವೆಂದರೂ ಹುಡುಗರು ಹಿಂದೆ ಕೈಯಿಟ್ಟು ಊರ ಅಗಸಿಯವರೆಗೂ ದಬ್ಬಿದರು. ಇಂಜಿನ್ ಮಿಸುಕಾಡಲಿಲ್ಲ. ಸಾದಾ ಗಾಡಿಯಲ್ಲಿ ಗಾಲಿಗೂ ಇಂಜಿನ್ನಿಗೂ ನಡುವೆ ಕಬ್ಬಿಣದ ಸಂಬಂಧವಿದೆ. ಗಾಲಿ ತಿರುಗಿ ಕ್ಲಚ್ ಬಿಟ್ಟರೆ ಇಂಜಿನ್ ತಿರುಗಲೇಬೇಕು. ಇದರಲ್ಲಿ ಇರುವುದು ಆಯಿಲ್ಲಿನ ಸಂಬಂಧ. ಗೇರಿನ ಪೆಟ್ಟಿಗೆಯೊಳಗಿನ ಪಂಪು ಇಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ. ಪಂಪಿಲ್ಲದೆ ಒತ್ತಡವಿಲ್ಲ, ಒತ್ತಡವಿಲ್ಲದೆ ಯಾವ ಗೇರೂ ಹಿಡಿಯುವುದಿಲ್ಲ. ಮಹಾರಾಷ್ಟ್ರದ ಗಡಿಯವರೆಗೆ ದಬ್ಬಿದರೂ ಅಷ್ಟೇ. ಕೆಟ್ಟಾಗ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದಕ್ಕೂ ಇದೇ ಅಡ್ಡಿ. ಇಂಜಿನ್ನಿನ ಕಸುವು ಯಾವ ಗಾಲಿಗೆ ಹೋಗುತ್ತದೋ ಆ ಗಾಲಿಗಳನ್ನು ಎತ್ತಿಯೇ ಎಳೆಯಬೇಕು. ಇಲ್ಲವಾದರೆ ಒಳಗಿನ ಭಾಗಗಳು ಆಯಿಲ್ ಕಾಣದೆ ತಿರುಗಿ ತಿರುಗಿ ಸುಡುತ್ತವೆ.

ನಿಜವಾದ ರೋಗ ಸುರುವಾದದ್ದು ಇದಾದ ಮೇಲೆ. ಎಕ್ಸಿಲರೇಟರ್ ಒತ್ತಿದರೆ ಇಂಜಿನ್ ಒದರುವುದು, ಒದರುತ್ತಲೇ ಇರುವುದು, ಎರಡನೇ ಗೇರಿಗೆ ಬೀಳಲು ಮನಸ್ಸೇ ಮಾಡದಿರುವುದು. ಕೊನೆಗೆ ಬಿದ್ದಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಬೀಳುವುದು. ಹಿಂದೆ ಕೂತ ನಮ್ಮನೆಯವರು ಪ್ರತಿ ಸಲವೂ ಮುಂದಿನ ಸೀಟು ಹಿಡಿದು "ಸಿದ್ರಾಮಾ" ಎನ್ನುತ್ತಿದ್ದರು.

ಚಹಾದಂಗಡಿಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಪೂರಾ ಪೆಟ್ಟಿಗೆ ಇಳಿಸಬೇಕು ಎಂದರು ಒಬ್ಬರು. ಇನ್ನೊಬ್ಬರ ಪ್ರಕಾರ ಅದನ್ನು ತೆಗೆದು ಕೈಗೇರಿನ ಪೆಟ್ಟಿಗೆ ಕೂಡಿಸುವುದೇ ಜಾಣತನ. ನಮ್ಮ ಓಣಿಯ ಕಾಕಾ ಒಬ್ಬರು, ಟ್ರ್ಯಾಕ್ಟರ್ ಇದ್ದವರು, ಮಿರ್ಚಿ ಭಜಿ ಮುರಿಯುತ್ತ, "ತೊಂಬತ್ತು ನಂಬರ್ ಆಯಿಲ್ ಹಾಕ್ರಿ, ದಪ್ಪ ಆಗಿ ಗಟ್ಟಿ ಹಿಡಿತೈತಿ" ಎಂದರು. ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಗೆ ಅದು ಅಮೃತವಿರಬಹುದು, ಆಟೋಮ್ಯಾಟಿಕ್ಕಿಗೆ ವಿಷ. ಸೂಜಿ ಹೋಗುವಷ್ಟು ಸಣ್ಣ ದಾರಿಗಳಲ್ಲಿ ತೆಳ್ಳನೆಯ ಕೆಂಪು ಆಯಿಲ್ ಓಡಾಡಿ ಅಲ್ಲಿ ಕೆಲಸ ಮಾಡುತ್ತದೆ. ಅಲ್ಲಿಗೆ ದಪ್ಪ ಆಯಿಲ್ ಸುರಿದರೆ ಮುಂದಿನ ಪ್ರಯಾಣವೆಲ್ಲ ಗುಜರಿಯ ಕಡೆಗೇ. ಬೆಳಗಾವಿಗೆ ಒಯ್ಯಿರಿ, ಕೊಲ್ಹಾಪುರಕ್ಕೆ ಒಯ್ಯಿರಿ, ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ ಎಂಬ ಮಾತೂ ಬಂತು. ಈ ಗಾಡಿ ಹುಟ್ಟಿದ ಕಾಲಕ್ಕೆ ಅದರೊಳಗೆ ಕಂಪ್ಯೂಟರ್ ಕೇಳಿ ತಿಳಿದುಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ.

ಹೊರಗಿನ ಎಂಜಿನಿಯರಿಗೆ ಕಾಯುತ್ತ ಕೂಡುವ ಅಭ್ಯಾಸ ನಮ್ಮ ಜಮಖಂಡಿ ತಾಲ್ಲೂಕಿಗೆ ಮೊದಲಿಂದಲೂ ಕಡಿಮೆ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜು ಬೇಕಾದಾಗ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ರೊಕ್ಕ ಕೂಡಿಸಿ, ಮೈ ಬಗ್ಗಿಸಿ 1989ರಲ್ಲಿ ಕಟ್ಟಿಬಿಟ್ಟರು. ನದಿಗೇ ಅಡ್ಡ ನಿಂತ ಜನ, ನನ್ನ ಮೂರು ಗೇರಿಗೆ ಹೆದರುವವರಲ್ಲ. ಆದ್ದರಿಂದ ನಾನು ಹೋದದ್ದು ಲಿಫ್ಟ್ ಮಿಸ್ತ್ರಿಯ ಕಡೆಗೆ.

ಲಿಫ್ಟ್ ಅಂದರೆ ಟ್ರ್ಯಾಕ್ಟರಿನ ಹೈಡ್ರಾಲಿಕ್. ನೇಗಿಲು, ರೋಟರ್ ಎತ್ತಿ ಇಳಿಸುವುದು ಅದೇ. ಈ ಮಿಸ್ತ್ರಿ ಅದನ್ನು ಬಿಟ್ಟು ಬೇರೆ ಕೆಲಸ ಹಿಡಿಯುವುದು ಅಪರೂಪ. ಒಂದು ಕಾಲಕ್ಕೆ ನನ್ನ ಕೈಯಲ್ಲೇ ಕಲಿತವನು. ಗಣಿತದಲ್ಲಿ ನಾನು ಅವನಿಗೆ ಕೊಟ್ಟ ಮಾರ್ಕಿನ ಸುದ್ದಿ ಇಬ್ಬರೂ ತೆಗೆಯುವುದಿಲ್ಲ. ಆಟೋಮ್ಯಾಟಿಕ್ ಪೆಟ್ಟಿಗೆಯನ್ನು ಅವನು ಜನ್ಮದಲ್ಲಿ ಬಿಚ್ಚಿರಲಿಲ್ಲ. ಆದರೆ ನಾನು ತಿಳಿದ ಮಟ್ಟಿಗೆ ವಿವರಿಸಿದಾಗ ಅವನು ಮುಖ ನೋಡಿ, "ಹಂಗಾರ ಇದೂ ಲಿಫ್ಟ ಐತಲ್ರೀ ಸರ್" ಎಂದ.

ಖರೇನೇ. ಪಂಪು ಆಯಿಲ್ ಹೀರುತ್ತದೆ, ಜಾಳಿಗೆ ಸೋಸುತ್ತದೆ, ಕವಾಟಗಳು ದಾರಿ ತೋರಿಸುತ್ತವೆ, ಒತ್ತಡ ಹೋಗಿ ಏನನ್ನೋ ಹಿಡಿಯುತ್ತದೆ. ಲಿಫ್ಟಿನಲ್ಲಿ ಅದು ನೇಗಿಲನ್ನು ಎತ್ತಿದರೆ, ಇಲ್ಲಿ ಕ್ಲಚ್ಚಿನ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ. ಇಂಜಿನ್ನಿಗೂ ಗೇರಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್ ಕೂಡ ಆಯಿಲ್ಲಿನದೇ ಆಟ. ಇಂಜಿನ್ ತಿರುಗಿಸುವ ರೆಕ್ಕೆಗಳು ಎಸೆದ ಆಯಿಲ್ ಎದುರಿನ ರೆಕ್ಕೆಗಳಿಗೆ ಬಡಿದು ಅವನ್ನೂ ತಿರುಗಿಸುತ್ತದೆ. ಇದರ ಮೂಲ ಪುರುಷ ಹೆರ್ಮಾನ್ ಫೊಟ್ಟಿಂಗರ್ ಎಂಬ ಜರ್ಮನ್. 1905ರಲ್ಲಿ ಅವನು ಪೇಟೆಂಟ್ ಮಾಡಿಸಿದ್ದು ಕಾರಿಗಲ್ಲ, ಹಡಗಿಗೆ. ಹಡಗಿನ ಉಗಿ ಟರ್ಬೈನು ಭರದಿಂದ ತಿರುಗುತ್ತದೆ, ನೀರೊಳಗಿನ ಪ್ರೊಪೆಲ್ಲರ್ ನಿಧಾನ ತಿರುಗಿದರೇ ಕೆಲಸ. ಎರಡಕ್ಕೂ ರಾಜಿ ಮಾಡಿಸಲು ಅವನು ನಡುವೆ ದ್ರವವನ್ನು ಕೂರಿಸಿದ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿಟ್ಟು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ತನ್ನ ಆಟೋಮ್ಯಾಟಿಕ್ ಪೆಟ್ಟಿಗೆ ಕೊಟ್ಟಿತು. ಮುಂದೆ ಯುದ್ಧ ಬಂದಾಗ ಅದೇ ಪೆಟ್ಟಿಗೆ ಟ್ಯಾಂಕುಗಳಲ್ಲೂ ಹೋಯಿತು. ರಣರಂಗದಲ್ಲಿ ತಾನೇ ಗೇರು ಬದಲಿಸಿದ ಪೆಟ್ಟಿಗೆ ಸಾವಳಗಿಯ ರಸ್ತೆಯಲ್ಲಿ ಯಾಕೆ ಹಟ ಮಾಡಬೇಕು?

ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಪ್ರಶ್ನೆ ಸುರು ಮಾಡಿದ. "ತಣ್ಣಗಿದ್ದಾಗ ಹಿಂಗ ಮಾಡತೈತೊ, ಕಾದ ಮ್ಯಾಲೊ?" ಲಿಫ್ಟ್ ಮುಂಜಾನೆ ಎತ್ತಿ ಮಧ್ಯಾಹ್ನ ಇಳಿದರೆ ಕಾದ ಆಯಿಲ್ ತೆಳ್ಳಗಾಗಿ ಸವೆದ ಸೀಲುಗಳಲ್ಲಿ ಸೋರುತ್ತಿದೆ ಎಂದರ್ಥ. ಪೆಟ್ಟಿಗೆಗೂ ಅದೇ ನ್ಯಾಯ. ಎರಡೂ ಹೊತ್ತು ಒಂದೇ ಥರ ಎಂದೆ. "ಎನ್‌ನಿಂದ ಡಿಗೆ ಹಾಕಿದರ ತಡಾ ಮಾಡತೈತೇನು?" ನ್ಯೂಟ್ರಲ್ಲಿನಿಂದ ಡ್ರೈವಿಗೆ ಎಂದರ್ಥ. ಇಲ್ಲ, ಕೂಡಲೇ ಹಿಡಿಯುತ್ತದೆ. ಹಿಡಿಯಲು ಎರಡು ಮೂರು ಸೆಕೆಂಡು ಬೇಕೆಂದರೆ ಆಯಿಲ್ ಕಡಿಮೆಯಾಗಿದೆ ಅಥವಾ ಪಂಪು ಸೋತಿದೆ ಎಂದು ತಿಳಿಯಬೇಕಂತೆ. "ರಿವರ್ಸ?" ಅದೂ ಗಟ್ಟಿ. "ಒದರೂದು ಹೆಂಗ? ಗೇರು ಬಿದ್ದ ಮ್ಯಾಲೂ ಜಾರತೈತೊ, ಬೀಳೂದ ತಡಾನೊ?" ಈ ಪ್ರಶ್ನೆಗೆ ನಾನು ಸ್ವಲ್ಪ ಹೊತ್ತು ತೆಗೆದುಕೊಂಡೆ. ಹೊರಗಿನಿಂದ ಎರಡೂ ಒಂದೇ ಸಪ್ಪಳ. ಜಾರುವುದೆಂದರೆ ಬಿಲ್ಲೆಗಳು ಸವೆದಿವೆ, ಖರ್ಚು ದೊಡ್ಡದು. ತಡ ಎಂದರೆ ಪೆಟ್ಟಿಗೆಗೆ ಯಾರೋ ತಪ್ಪು ಸುದ್ದಿ ಹೇಳುತ್ತಿದ್ದಾರೆ. ನನ್ನದು ತಡ. ಕೊನೆಯ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: "ಇತ್ತೀಚಿಗೆ ಯಾರರ ಕೈ ಹಾಕ್ಯಾರೇನ್ರೀ?"

ಹಾಕಿದ್ದರು. ದಾರಿಯ ಯಾವುದೋ ಗ್ಯಾರೇಜಿನಲ್ಲಿ, ಪಿಕಪ್ ಬರುತ್ತಿಲ್ಲವೆಂದು ಹೇಳಿದ್ದಕ್ಕೆ, ಎಕ್ಸಿಲರೇಟರಿನ ವಯರ್ ಬಿಗಿ ಮಾಡಿಕೊಟ್ಟಿದ್ದರು.

ಆಗ ಅವನು ಬಾನೆಟ್ ತೆಗೆದ. ಮೊದಲು ಆಯಿಲ್ಲಿನ ಕಡ್ಡಿ. ಹೆಚ್ಚಿನ ಗಾಡಿಗಳಲ್ಲಿ ಇದನ್ನು ಇಂಜಿನ್ ಕಾದು, ಚಾಲೂ ಇದ್ದಾಗ ನೋಡಬೇಕು, ಕೆಲವು ಕಂಪನಿಯವನ್ನು ಬಂದ್ ಮಾಡಿದ ಮೇಲೆ. ಗಾಡಿಯ ಪುಸ್ತಕ ಹೇಳಿದ್ದೇ ಪ್ರಮಾಣ. ಕಡ್ಡಿ ಒರೆಸಿ, ಮತ್ತೆ ಅದ್ದಿ, ತುದಿಯನ್ನು ಬಿಳಿ ಕಾಗದದ ಮೇಲೆ ಒತ್ತಿದ. ಕೆಂಪಾಗಿರಬೇಕಾದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಕರ್ರಗಾಗಿರಲಿಲ್ಲ. ಮೂಗಿಗೆ ಹಿಡಿದು ನೋಡಿದ. ಸುಟ್ಟ ವಾಸನೆ ಇರಲಿಲ್ಲ. ಬೆರಳುಗಳ ನಡುವೆ ತಿಕ್ಕಿದ. ಕಸರು ಸಿಗಲಿಲ್ಲ. "ಒಳಗ ಇನ್ನೂ ಜೀವ ಐತ್ರಿ" ಎಂದ.

ನಂತರ ಕೇಬಲ್ಲು. ಹಳೆಯ ಆಟೋಮ್ಯಾಟಿಕ್ಕುಗಳಲ್ಲಿ ಎಕ್ಸಿಲರೇಟರಿನ ಹತ್ತಿರದಿಂದ ಇನ್ನೊಂದು ಕೇಬಲ್ ಗೇರ್ ಪೆಟ್ಟಿಗೆಗೆ ಇಳಿಯುತ್ತದೆ. ಚಾಲಕನ ಕಾಲು ಎಷ್ಟು ಒತ್ತಿದೆ ಎಂದು ಪೆಟ್ಟಿಗೆಗೆ ತಿಳಿಸುವುದು ಅದರ ಕೆಲಸ. ಒಳಗೆ ಕವಾಟದ ಒಂದು ಬದಿಗೆ ಗಾಡಿಯ ವೇಗದಿಂದ ಬಂದ ಒತ್ತಡ, ಇನ್ನೊಂದು ಬದಿಗೆ ಕಾಲಿನಿಂದ ಬಂದ ಒತ್ತಡ. ವೇಗದ್ದು ಗೆದ್ದಾಗ ಕವಾಟ ಸರಿದು ಮೇಲಿನ ಗೇರು ಬೀಳುತ್ತದೆ. ಕೇಬಲ್ ಅತಿ ಬಿಗಿಯಾಗಿದ್ದರೆ ನಾನು ಹೂವಿನಂತೆ ಒತ್ತಿದರೂ ಪೆಟ್ಟಿಗೆಗೆ "ಮಾಸ್ತರ ಪೂರಾ ತುಳಿದಾನ" ಎಂದೇ ಸುದ್ದಿ. ಹಾಗಾಗಿ ಅದು ಗೇರು ಬದಲಿಸದೆ ಕಾಯುತ್ತದೆ, ಬದಲಿಸಿದಾಗ ಪೂರ್ತಿ ಒತ್ತಡದಲ್ಲಿ ಒದೆಯುತ್ತದೆ. ಪಿಕಪ್ಪಿಗಾಗಿ ಕೈ ಹಾಕಿದವರು ಎರಡು ಕೇಬಲ್ಲುಗಳಲ್ಲಿ ಪೆಟ್ಟಿಗೆಯದನ್ನೂ ಜಗ್ಗಿದ್ದರು.

ಇನ್ನೊಬ್ಬರಾಗಿದ್ದರೆ ಸಡಿಲು ಮಾಡಿ ಕೈ ತೊಳೆದುಕೊಳ್ಳುತ್ತಿದ್ದರು. ಇವನು ನಟ್ ಮುಟ್ಟುವ ಮೊದಲು ನಮ್ಮ ಸೊಸೆಯ ಹತ್ತಿರ ಉಗುರುಬಣ್ಣ ತರಿಸಿದ. ನಟ್ ಈಗಿರುವ ಜಾಗಕ್ಕೆ ಗುರುತಾಗಿ ಒಂದು ಗುಲಾಬಿ ಬೊಟ್ಟು. ಹೆಚ್ಚು ಸಡಿಲಾದರೆ ಗೇರುಗಳು ಬೇಗ ಬಿದ್ದು, ಒತ್ತಡ ಸಾಲದೆ ಬಿಲ್ಲೆಗಳು ಜಾರಿ ಸುಡುತ್ತವೆ. ಬಿಗಿ ಇದ್ದಾಗ ಚಾಲಕ ಬೈಯುತ್ತಾನೆ, ಸಡಿಲಿದ್ದಾಗ ಗಾಡಿ ಆರಾಮ ಅನಿಸುತ್ತ ಒಳಗೊಳಗೇ ಸಾಯುತ್ತದೆ. ಪುಸ್ತಕದಲ್ಲಿದ್ದ ಅಳತೆಯ ಸಂದಿಗೆ ಕೇಬಲ್ಲಿನ ತುದಿ ಬರುವವರೆಗೆ ನಟ್ಟನ್ನು ತುಸು ತುಸು ತಿರುಗಿಸಿ, ನನ್ನನ್ನು ಕೂರಿಸಿಕೊಂಡು ಜಮಖಂಡಿ ರಸ್ತೆಗೆ ಒಯ್ದ. ಎರಡನೆಯದು ಮಾತಿಲ್ಲದೆ ಬಿತ್ತು. ಮೂರನೆಯದು ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಅವನಿಗೆ ಗೊತ್ತಾಯಿತು.

ಆಯಿಲ್ ಬದಲಿಸುವ ವಿಷಯಕ್ಕೆ ಚಹಾದಂಗಡಿಯಲ್ಲಿ ಮತ್ತೆ ಎರಡು ಪಂಗಡ. ಹಳೆಯ ಪೆಟ್ಟಿಗೆಗೆ ಹೊಸ ಆಯಿಲ್ ಹಾಕಿದರೆ ಕೆಡುತ್ತದೆ ಎಂಬುದು ಒಂದು ಪಂಗಡದ ನಂಬಿಕೆ. ಬಿಲ್ಲೆ ಸವೆದು ಜಾರತೊಡಗಿದ ಮೇಲೆ ಆಯಿಲ್ ಬದಲಿಸಿ, ಮರುದಿನ ಗಾಡಿ ನಿಂತರೆ ಆಯಿಲ್ಲಿಗೆ ಕೆಟ್ಟ ಹೆಸರು, ಅಷ್ಟೇ ಎಂದು ನನ್ನ ಅಭಿಪ್ರಾಯ. ನಮ್ಮದು ಜಾರುತ್ತಿರಲಿಲ್ಲವಾದ್ದರಿಂದ ಪುಸ್ತಕದಲ್ಲಿ ಬರೆದ ದರ್ಜೆಯದನ್ನೇ ವಿಜಯಪುರದಿಂದ ತರಿಸಿ ಹಾಕಿದೆವು. ಕೆಳಗಿನ ಬಿರಡೆ ಬಿಚ್ಚಿದರೂ ಪೂರ್ತಿ ಆಯಿಲ್ ಇಳಿಯುವುದಿಲ್ಲ, ಸಾಕಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ತಳದ ಅಯಸ್ಕಾಂತಕ್ಕೆ ಬೂದಿ ಬಣ್ಣದ ನುಣ್ಣನೆ ರಾಡಿ ಹತ್ತಿತ್ತು. ಆ ವಯಸ್ಸಿಗೆ ಅಷ್ಟು ಸವಕಳಿ ಸಹಜ. ಚೂರು, ಚಕ್ಕೆ ಸಿಕ್ಕಿದ್ದರೆ ಬೆಳಗಾವಿಯ ದಾರಿ ಹಿಡಿಯಬೇಕಿತ್ತು.

ಈ ಸುದ್ದಿ ಹರಡಿ, ಈಗಿನ ಹೊಸ ಆಟೋಮ್ಯಾಟಿಕ್ಕಿನವರೂ ಮಿಸ್ತ್ರಿಯನ್ನು ಕೇಳಿಕೊಂಡು ಬರತೊಡಗಿದ್ದಾರೆ. ಆ ಗಾಡಿಗಳನ್ನು ಅವನು ಮುಟ್ಟುವುದಿಲ್ಲ, ಅದು ಸರಿಯೂ ಹೌದು. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಹರಡಿದ ಎಎಂಟಿ ಜಾತಿಯೇ ಬೇರೆ. ಅದರಲ್ಲಿ ಸಾದಾ ಕ್ಲಚ್ಚು, ಸಾದಾ ಗೇರ್ ಪೆಟ್ಟಿಗೆಯೇ ಇದ್ದು, ನಮ್ಮ ಕೈಕಾಲು ಮಾಡುವ ಕೆಲಸವನ್ನು ಯಂತ್ರವೊಂದು ಮಾಡುತ್ತದೆ. ಕನ್ವರ್ಟರ್ ಇಲ್ಲ, ಬಿಲ್ಲೆಗಳ ಸಾಲಿಲ್ಲ. ಅದು ಗುದುಕಿದರೆ ಕ್ಲಚ್ಚಿನ ಸವಕಳಿ, ಆ ಯಂತ್ರ, ಅದರ ಕಂಪ್ಯೂಟರ್ ನೋಡಬೇಕು. ಅಲ್ಲಿ ಮೂಗಿಗೆ ಕೆಲಸವಿಲ್ಲ.

ಗಾಡಿ ಸುಧಾರಿಸಿದ ಮೇಲೆ ತೊಂಬತ್ತು ನಂಬರ್ ಕಾಕಾನಿಗೆ ಅದರ ಮೇಲೆ ಕಣ್ಣು ಬಿದ್ದಿದೆ. ಮೊನ್ನೆ ಮಿಸ್ತ್ರಿಯ ಅಂಗಡಿಯಲ್ಲಿ ನಾನು ಕೂತಿದ್ದಾಗ ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟೈರು ಒದ್ದು, ರೇಟು ಕೇಳಿ, ಕೊನೆಗೆ ದನಿ ತಗ್ಗಿಸಿ, "ಎಲ್ಲಾ ಖರೇ ಸರ್, ಕ್ಲಚ್ ಪ್ಲೇಟ್ ಹೆಂಗ ಐತಿ?" ಎಂದರು.

ಟ್ರ್ಯಾಕ್ಟರಿನ ಕೆಳಗಿನಿಂದ ಮಿಸ್ತ್ರಿಯ ದನಿ ಬಂತು. "ಒಂದಲ್ಲ ಕಾಕಾ, ಭಾಳ ಅದಾವ. ತಗೊಂಡ ಮ್ಯಾಲ ನೀವ ಬಿಚ್ಚಿ ಎಣಸ್ರಿ."