ಖಾತಾಂತರ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕುದೆಂಬುದು ಪೂರ್ವಾಚಾರ್ಯರ ಸಂಪ್ರದಾಯವಾಗಿರುವುದರಿಂದ ನಾವೂ ಅದನ್ನು ಮೀರುವುದಿಲ್ಲ. ಜಾಲತಾಣದ ಬಾಗಿಲಿನಲ್ಲಿ ನಿಂತ ಮನುಷ್ಯನು ತನ್ನ ಒಂದು ಖಾತೆಯಿಂದ ತನ್ನದೇ ಇನ್ನೊಂದು ಖಾತೆಗೆ ದಾಟುವ ಕ್ರಮವೇ ಇಲ್ಲಿಯ ವಿಷಯ. ದಾಟಿದೆನೆಂದು ತಿಳಿದು ದಾಟದೆ ಉಳಿಯುವುದರಿಂದ ಒದಗುವ ಅನರ್ಥದ ನಿವೃತ್ತಿಯೇ ಪ್ರಯೋಜನ. ಇವೆರಡರ ಸಂಬಂಧವು ಪಾಸ್‌ವರ್ಡ್ ಮರೆತವರಿಗೆಲ್ಲ ಸ್ವಾನುಭವಸಿದ್ಧ. ಇನ್ನು ಅಧಿಕಾರಿ ಯಾರೆಂದರೆ, ಕಚೇರಿಯವರು ಕೊಟ್ಟದ್ದೊಂದು, ಮನೆಯ ವ್ಯವಹಾರದ್ದೊಂದು, ಮಗನ ಶಾಲೆಗಾಗಿ ತೆರೆದದ್ದೊಂದು, ಫೋನ್ ಮಾರುವಾಗ ಮೊಬೈಲ್ ಅಂಗಡಿಯ ಹುಡುಗನು ತಾನೇ ಸೃಷ್ಟಿಸಿ ಪಾಸ್‌ವರ್ಡನ್ನು ತನ್ನ ಮನಸ್ಸಿನಲ್ಲಿಯೇ ಇಟ್ಟುಕೊಂಡದ್ದೊಂದು, ಹೀಗೆ ಕಡೆಯಪಕ್ಷ ನಾಲ್ಕು ಮೇಲ್ ಐಡಿಗಳನ್ನು ಹೊಂದಿದ ಗೃಹಸ್ಥನು. ಒಂದೇ ಐಡಿಯುಳ್ಳ ವಿರಕ್ತರು ಮುಂದಕ್ಕೆ ಓದುವ ಶ್ರಮವನ್ನು ವಹಿಸಬೇಕಾಗಿಲ್ಲ; ಅವರು ಜೀವನ್ಮುಕ್ತರು.

ಲಕ್ಷಣವನ್ನು ಹೇಳುವೆವು: ‘ಒಬ್ಬನೇ ದೇಹಿಯು, ಒಂದೇ ಆಸನದಲ್ಲಿದ್ದು, ಒಂದು ನಾಮವನ್ನು ಮರೆಮಾಡಿ, ನಾಮಾಂತರದಿಂದ ಅದೇ ದ್ವಾರವನ್ನು ಪುನಃ ಪ್ರವೇಶಿಸುವುದು ಖಾತಾಂತರ.’ ಇಲ್ಲಿ ಪದಕೃತ್ಯವನ್ನು ಗಮನಿಸಬೇಕು. ‘ಒಬ್ಬನೇ ದೇಹಿ’ ಎಂಬುದನ್ನು ಬಿಟ್ಟರೆ, ಪತಿಯು ಎದ್ದುಹೋದ ಕುರ್ಚಿಯಲ್ಲಿ ಪತ್ನಿಯು ಕುಳಿತು ತನ್ನ ಮೇಲ್ ನೋಡಿಕೊಳ್ಳುವಲ್ಲಿ ಲಕ್ಷಣವು ಅತಿವ್ಯಾಪ್ತವಾಗುತ್ತದೆ. ‘ಅದೇ ದ್ವಾರ’ ಎಂಬುದನ್ನು ಬಿಟ್ಟರೆ, ಬ್ಯಾಂಕಿನ ತಾಣವನ್ನು ಮುಚ್ಚಿ ರೈಲ್ವೆ ಟಿಕೆಟ್ಟಿನ ತಾಣವನ್ನು ತೆರೆಯುವವನೂ ಖಾತಾಂತರಿಯೆನಿಸಿಬಿಡುತ್ತಾನೆ. ‘ಪುನಃ’ ಎಂಬ ಪದವು ವ್ಯರ್ಥವಲ್ಲವೆ ಎಂದು ಕೇಳಿದರೆ, ಅಲ್ಲ; ಮೊದಲ ಸಲವೇ ಸರಿಯಾದ ಖಾತೆಯಿಂದ ಪ್ರವೇಶಿಸಿದ ಮಹಾನುಭಾವನು ಲೋಕದಲ್ಲಿ ಇದುವರೆಗೆ ಕಂಡುಬಂದಿಲ್ಲವಾದುದರಿಂದ, ಆ ಪದವು ವಸ್ತುಸ್ಥಿತಿಯ ಅನುವಾದವೆಂದೇ ಭಾವಿಸತಕ್ಕುದು.

ಈ ವಿದ್ಯೆಯು ಅನಾದಿಯೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, 1960ರ ದಶಕದ ಆದಿಯಲ್ಲಿ, ಫರ್ನಾಂಡೊ ಕಾರ್ಬಟೋ ಎಂಬ ವಿದ್ವಾಂಸರ ನೇತೃತ್ವದಲ್ಲಿ ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯು ಸಿದ್ಧವಾದಾಗ, ಒಬ್ಬರ ಕಡತವು ಇನ್ನೊಬ್ಬರ ಕಣ್ಣಿಗೆ ಬೀಳದಿರಲೆಂದು ಅಲ್ಲಿ ಪಾಸ್‌ವರ್ಡಿನ ಪದ್ಧತಿಯನ್ನು ತಂದರು. ಆ ದಶಕದಲ್ಲಿಯೇ ಒಮ್ಮೆ ಎರಡು ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ಸ್ವಾಗತವಚನಕ್ಕೆ ಬದಲು ಸಮಸ್ತರ ಪಾಸ್‌ವರ್ಡುಗಳ ಪಟ್ಟಿಯೇ ದರ್ಶನವಿತ್ತಿತೆಂಬುದೂ ದಾಖಲಾಗಿರುವ ಸಂಗತಿ. ಅಂದಿನ ಪ್ರಶ್ನೆಯು ಯಂತ್ರವೊಂದು, ಮನುಷ್ಯರು ಹಲವರು ಎಂಬುದಾಗಿತ್ತು. ಇಂದು ಮನುಷ್ಯನೊಬ್ಬನೇ, ನಾಮಗಳು ಹಲವು. 2004ನೆಯ ಇಸವಿಯ ಏಪ್ರಿಲ್ 1ರಂದು ಒಂದು ಗಿಗಾಬೈಟ್ ಜಾಗವನ್ನು ಉಚಿತವಾಗಿ ಕೊಡುವೆವೆಂದು ಜಿಮೇಲ್ ಸಾರಿದಾಗ ಅದು ಆ ದಿನಕ್ಕೆ ತಕ್ಕ ಪರಿಹಾಸವೆಂದು ಬಗೆದವರುಂಟು. ಪರಿಹಾಸವಲ್ಲವೆಂದು ತಿಳಿದ ಮೇಲೆ, ಪುಕ್ಕಟೆಯಾಗಿ ಬಂದುದನ್ನು ಒಂದೇ ಪಡೆದು ತೃಪ್ತನಾಗುವುದು ಮನುಷ್ಯಸ್ವಭಾವಕ್ಕೆ ವಿರುದ್ಧವಾದುದರಿಂದ, ಮುಂದಿನದೆಲ್ಲವೂ ಅನಿವಾರ್ಯವಾಯಿತು.

ಇನ್ನು ಖಾತೆಯು ಗುರುತಿಸಲ್ಪಡುವ ಬಗೆಯನ್ನು ವಿಚಾರಿಸೋಣ. ಜಾಲವು ಮಾತನಾಡುವ ಎಚ್‌ಟಿಟಿಪಿ ಎಂಬ ನಿಯಮವು ಸ್ವಭಾವತಃ ವಿಸ್ಮರಣಶೀಲವಾದುದು. ಪ್ರತಿಯೊಂದು ಕೋರಿಕೆಯನ್ನೂ ಪ್ರಥಮ ಪರಿಚಯವೆಂಬಂತೆ ಸ್ವೀಕರಿಸುವ ಸರ್ವರ್, ದೂರ್ವಾಸರ ಶಾಪದ ಹಂಗೇ ಇಲ್ಲದೆ ಸಿದ್ಧನಾದ ದುಷ್ಯಂತ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬವರು ಇದನ್ನು ಕಂಡು, ಬಂದವರ ಕೈಗೆ ‘ಕುಕಿ’ ಎಂಬ ಮುದ್ರೆಯುಂಗುರವನ್ನು ತೊಡಿಸಿ, ಮರಳಿ ಬಂದಾಗ ಅದನ್ನು ತೋರಿಸಿದರೆ ಗುರುತು ಹಿಡಿಯುವ ಏರ್ಪಾಡನ್ನು ಮಾಡಿದರು. ಕಾಳಿದಾಸನ ನಾಟಕದಲ್ಲಿ ಉಂಗುರವೊಂದೇ, ಶಕುಂತಲೆಯೊಬ್ಬಳೇ; ಆದುದರಿಂದ ಏಳು ಅಂಕಗಳಲ್ಲಿ ಕಥೆ ಮುಗಿಯಿತು. ನಮ್ಮ ಗೃಹಸ್ಥನ ಬ್ರೌಸರಿನಲ್ಲಿಯಾದರೋ ಅದೇ ದುಷ್ಯಂತನಿಗೆ ತೋರಿಸಬೇಕಾದ ನಾಲ್ಕೈದು ಉಂಗುರಗಳು ಏಕಕಾಲದಲ್ಲಿ ಇರುತ್ತವೆ. ‘ಒಂದು ಸಲ ಕುಕಿಗಳನ್ನೆಲ್ಲ ಅಳಿಸಿ ನೋಡಿ ಸಾರ್’ ಎಂದು ಬಲ್ಲವರು ಕೊಡುವ ಉಪದೇಶವು ಅವಷ್ಟನ್ನೂ ಒಟ್ಟಿಗೆ ಶಚೀತೀರ್ಥಕ್ಕೆ ಎಸೆಯುವ ವಿಧಿ; ಬೆಸ್ತನು ಬಂದು ಹಿಂದಿರುಗಿಸುವನೆಂಬ ಆಶ್ವಾಸನೆ ಅದರಲ್ಲಿಲ್ಲ.

ಖಾತೆಯನ್ನು ಆಯ್ದುಕೊಳ್ಳುವ ಪುಟದ ಸ್ವರೂಪವನ್ನು ಮಹಾಭಾರತದ ನಳೋಪಾಖ್ಯಾನವೂ, ನಮ್ಮಲ್ಲಿ ಕನಕದಾಸರ ನಳಚರಿತ್ರೆಯೂ ಮೊದಲೇ ಸೂಚಿಸಿವೆಯೆಂದು ನಮ್ಮ ಮತ. ಸ್ವಯಂವರದ ಸಭೆಯಲ್ಲಿ ದಮಯಂತಿಯು ಮಾಲೆ ಹಿಡಿದು ನಿಂತಾಗ ಇಂದ್ರ, ಅಗ್ನಿ, ಯಮ, ವರುಣರು ನಳನ ರೂಪವನ್ನೇ ತಾಳಿ ಕುಳಿತು, ಅವಳಿಗೆ ಐವರು ನಳರು ಕಂಡರು. ನಮ್ಮ ಗೃಹಸ್ಥನಿಗೂ ಹಾಗೆಯೇ ಒಂದರ ಕೆಳಗೊಂದು ವೃತ್ತಗಳು ಕಾಣುತ್ತವೆ, ಎಲ್ಲದರೊಳಗೂ ಅವನ ಹೆಸರಿನ ಮೊದಲ ಅಕ್ಷರವೊಂದೇ, ಭೇದವೇನಿದ್ದರೂ ಬಣ್ಣದಲ್ಲಿ. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಮಿಟುಕಿಸುವುದಿಲ್ಲ, ಅವರ ಪಾದವು ನೆಲಕ್ಕೆ ಸೋಕುವುದಿಲ್ಲ ಎಂಬ ಕುರುಹುಗಳಿಂದ ದಮಯಂತಿಯು ನಿಜವಾದ ನಳನನ್ನು ಕಂಡುಕೊಂಡಳು. ಇಲ್ಲಿ ಆ ಉಪಾಯವು ಸಾಗದು. ಏಕೆಂದರೆ ಎಲ್ಲರೂ ನಿಜವಾದ ನಳರೇ, ಮತ್ತು ಬೆವರುತ್ತಿರುವವನು ಆಯ್ಕೆಮಾಡಲು ಕುಳಿತವನು.

ಬ್ರೌಸರಿನ ದಾಯಭಾಗವು ಇದಕ್ಕಿಂತಲೂ ಸೂಕ್ಷ್ಮವಾದುದು. ಗೂಗಲ್‌ನ ಪದ್ಧತಿಯಲ್ಲಿ, ಮೊದಲು ಒಳಬಂದ ಖಾತೆಗೆ ಸೊನ್ನೆಯೆಂದೂ, ಆಮೇಲೆ ಬಂದವುಗಳಿಗೆ ಒಂದು, ಎರಡು ಎಂದೂ ಸಂಖ್ಯೆ ಕೊಟ್ಟಿರುವುದನ್ನು ವಿಳಾಸದ ಸಾಲಿನಲ್ಲಿಯೇ ಕಾಣಬಹುದು. ಅವಿಭಕ್ತ ಕುಟುಂಬದ ಹಿರಿಯಣ್ಣನಂತೆ ಈ ಸೊನ್ನೆಯ ಖಾತೆಯೇ ಯಜಮಾನ. ಯಾರ ಹೆಸರಿಗೆ ಪತ್ರ ಬಂದರೂ ಒಡೆಯುವವನು ಅವನೇ, ಅವನನ್ನು ಯಜಮಾನಿಕೆಯಿಂದ ಇಳಿಸಬೇಕಾದರೆ ಮನೆಯವರೆಲ್ಲರೂ ಒಮ್ಮೆ ಹೊರಗೆ ನಿಂತು ಮತ್ತೆ ಬೇರೆ ಕ್ರಮದಲ್ಲಿ ಒಳಬರಬೇಕು.

ಇದರ ಪರಿಣಾಮಕ್ಕೆ ಒಂದು ನಿದರ್ಶನ. ಪ್ರೌಢಶಾಲೆಯ ಅಧ್ಯಾಪಕರೊಬ್ಬರು ಶಾಲೆಯ ಖಾತೆಯಲ್ಲಿ ತಾವೇ ಸಿದ್ಧಪಡಿಸಿದ ಅಂಕಪಟ್ಟಿಯನ್ನು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ತೆರೆಯಲು ಹೋದರು. ‘ನಿಮಗೆ ಅನುಮತಿ ಬೇಕು’ ಎಂದಿತು ಪರದೆ. ಅವರು ವಿನೀತರಾಗಿ, ಕೆಳಗಿದ್ದ ಚೌಕದಲ್ಲಿ ‘ಮಾನ್ಯರೆ, ದಯವಿಟ್ಟು ಅನುಮತಿ ನೀಡಬೇಕಾಗಿ ವಿನಂತಿ’ ಎಂದು ಬರೆದು ಗುಂಡಿಯನ್ನೊತ್ತಿ ಮಲಗಿದರು. ಮರುದಿನ ಶಾಲೆಯಲ್ಲಿ ಮೇಲ್ ತೆರೆದಾಗ, ತಮ್ಮದೇ ಹೆಸರಿನ ಯಾರೋ ಒಬ್ಬರು ಅಂಕಪಟ್ಟಿಯನ್ನು ಕೇಳಿರುವುದು ಕಂಡಿತು. ಪರೀಕ್ಷೆಯ ವಿಷಯವಾದುದರಿಂದ ಅವರು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಓದಲು ಮಾತ್ರ’ ಎಂದು ಗುರುತುಹಾಕಿ ಅನುಗ್ರಹಿಸಿದರು. ಆ ರಾತ್ರಿ ಮನೆಯಲ್ಲಿ ಅವರಿಗೆ ಒಂದು ಅಂಕವನ್ನೂ ತಿದ್ದಲಾಗಲಿಲ್ಲ. ದಾತೃವೂ ಪ್ರತಿಗ್ರಾಹಿಯೂ ಒಬ್ಬನೇ ಆದರೆ ದಾನವು ಸಿದ್ಧಿಸುವುದೆ ಎಂಬ ಧರ್ಮಶಾಸ್ತ್ರದ ಶಂಕೆಗೆ, ಸಿದ್ಧಿಸುತ್ತದೆ, ಆದರೆ ಅರ್ಧ ಮಾತ್ರ ಎಂಬ ಉತ್ತರವು ಇದರಿಂದ ದೊರೆಯುತ್ತದೆ.

ಇಲ್ಲಿ ಪೂರ್ವಪಕ್ಷ: ‘ಇಷ್ಟೆಲ್ಲ ಕ್ಲೇಶವೇಕೆ? ಇನ್‌ಕಾಗ್ನಿಟೊ ಕಿಟಕಿಯನ್ನು ತೆರೆದರಾಯಿತು’ ಎಂದು. ಟೊಪ್ಪಿಗೆ ಮತ್ತು ಕನ್ನಡಕದ ಲಾಂಛನವುಳ್ಳ ಈ ಕಿಟಕಿಯು 2008ರಲ್ಲಿ ಕ್ರೋಮ್ ಬ್ರೌಸರಿನೊಡನೆ ಬಂದುದು. ಹೊಸ ಉಂಗುರಗಳನ್ನು ತೊಡಿಸಿಕೊಂಡು, ಮುಚ್ಚುವಾಗ ಅವನ್ನು ಕಳಚಿಬಿಡುವುದರಿಂದ ಒಂದು ಗಳಿಗೆಯ ಖಾತಾಂತರಕ್ಕೆ ಯೋಗ್ಯವೇ ಹೌದು. ಆದರೆ ಇದನ್ನು ಸಂಪೂರ್ಣ ಅಜ್ಞಾತವಾಸವೆಂದು ನಂಬುವವರು ವಿರಾಟಪರ್ವವನ್ನು ಸರಿಯಾಗಿ ಓದಿದವರಲ್ಲ. ಧರ್ಮರಾಯನು ಕಂಕನಾಗಿ, ಭೀಮನು ವಲಲನಾಗಿ, ಅರ್ಜುನನು ಬೃಹನ್ನಳೆಯಾಗಿ ಅಡಗಿದ್ದರೂ, ಕೀಚಕನು ಸತ್ತ ರೀತಿಯನ್ನು ಕೇಳಿಯೇ ಹಸ್ತಿನಾವತಿಯಲ್ಲಿ ಸಂದೇಹವು ಹುಟ್ಟಿತಲ್ಲವೆ? ಈ ಕಿಟಕಿಯು ಮರೆಮಾಡುವುದು ಮನೆಯ ಗಣಕಯಂತ್ರದ ನೆನಪಿನಿಂದ ಮಾತ್ರ. ಹೋದ ತಾಣದವರಿಗೂ, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೂ, ಇಂಟರ್ನೆಟ್ ಒದಗಿಸುವವರಿಗೂ ಜಾಡು ತಿಳಿದೇ ಇರುತ್ತದೆ.

ಹಾಗಾದರೆ ಈ ವ್ಯವಸ್ಥೆಯು ಯಾವ ದರ್ಶನಕ್ಕೆ ಸೇರಿದುದು? ಜಿಮೇಲಿನಲ್ಲಿ ಹೆಸರಿನ ನಡುವೆ ಬಿಂದುವನ್ನಿಟ್ಟು ಬರೆದರೂ, ಇಡದೆ ಬರೆದರೂ ಪತ್ರವು ಒಂದೇ ಪೆಟ್ಟಿಗೆಗೆ ಸೇರುವುದರಿಂದ ಇದು ಅಭೇದವಾದವೆಂದು ಕೆಲವರು ಭ್ರಮಿಸಿಯಾರು. ಆದರೆ ಬಿಂದುವಿನ ವಿಷಯದಲ್ಲಿ ಇಷ್ಟು ಉದಾರವಾದ ಈ ಯಂತ್ರವು, ಅದೇ ಕುರ್ಚಿಯಲ್ಲಿ ಅದೇ ಬೆರಳುಗಳಿಂದ ಒತ್ತುತ್ತಿರುವ ಅದೇ ಮನುಷ್ಯನಲ್ಲಿ ನಾಲ್ವರು ಅಪರಿಚಿತರನ್ನು ಕಾಣುತ್ತದೆ. ಆದುದರಿಂದ ಬಿಂದುವಿಗೆ ಅಭೇದ, ಬಂಧುವಿಗೆ ಭೇದ ಎಂಬ ಭೇದಾಭೇದವೇ ಇದರ ಸಿದ್ಧಾಂತ. ಯಂತ್ರಕ್ಕೆ ಗೊತ್ತಿರುವುದು ಖಾತೆ. ಖಾತೆದಾರನೆಂಬ ಪದಾರ್ಥವನ್ನು ಅದು ಅಂಗೀಕರಿಸಿಯೇ ಇಲ್ಲ. ಅವನು ಒಬ್ಬನೇ ಎಂಬುದನ್ನು ನೆನಪಿನಲ್ಲಿಡುವ ಹೊರೆಯೆಲ್ಲವೂ ಅವನದೇ.

ಈ ಶಾಸ್ತ್ರದಿಂದ ಫಲಿಸುವ ವಿಧಿಗಳು ಮೂರೇ, ಅವುಗಳಲ್ಲಿ ಹಾಸ್ಯವೇನೂ ಇಲ್ಲ. ಕಚೇರಿಗೊಂದು, ಮನೆಗೊಂದು ಎಂದು ಬ್ರೌಸರಿನಲ್ಲಿ ಪ್ರತ್ಯೇಕ ಪ್ರೊಫೈಲುಗಳನ್ನು ಮಾಡಿಕೊಳ್ಳಿ. ಕಳುಹಿಸುವ ಗುಂಡಿಯನ್ನೊತ್ತುವ ಮುನ್ನ ಪರದೆಯ ಬಲಮೇಲ್ಮೂಲೆಯಲ್ಲಿರುವ ವೃತ್ತವನ್ನು ಒಮ್ಮೆ ನೋಡಿ. ಸೈಬರ್ ಸೆಂಟರಿನ ಕುರ್ಚಿಯಿಂದ ಏಳುವಾಗ, ಹಿಂದೆ ಎಷ್ಟೇ ಜನ ಸರದಿಯಲ್ಲಿ ನಿಂತು ಅವಸರಪಡಿಸುತ್ತಿದ್ದರೂ, ಸೈನ್ ಔಟ್ ಮಾಡಿಯೇ ಏಳಿ.